ಮೂರು ಹೆಡೆಯ ಸರ್ಪವೂ ಓರಗಿತ್ತಿಯರ ಇದ್ದಿಲೂ

ಬಲು ಹಿಂದೆ, ಬೆಟ್ಟಗಳು ಇನ್ನೂ ಎದ್ದು ನಡೆದಾಡುತ್ತಿದ್ದ ಕಾಲದಲ್ಲಿ, ಬೆಳ್ಳಿಗುಡ್ಡ ಅಂತ ಒಂದು ರಾಜ್ಯವಿತ್ತು. ರಾಜ್ಯಕ್ಕೆಲ್ಲ ಒಂದೇ ಸಿಹಿನೀರಿನ ಒರತೆ. ಹೊಗೆಮಲ್ಲ ಅನ್ನೋ ಮಾಟಗಾರ ಆ ಒರತೆಯ ಮೇಲೆ ತನ್ನ ಮೂರು ಹೆಡೆಯ ಸರ್ಪವನ್ನು ತಂದು ಕೂರಿಸಿದ. ನೀರಿಗೆ ಹೋದವರ ಮೇಲೆ ಸರ್ಪ ಮೂರೂ ಹೆಡೆಯಿಂದ ಉಸಿರು ಊದುತ್ತಿತ್ತು, ಅವರು ನಿಂತಲ್ಲೇ ಕಲ್ಲಾಗುತ್ತಿದ್ದರು.

ರಾಜ ಡಂಗುರ ಹೊಡೆಸಿದ. "ಸರ್ಪಕ್ಕೆ ಸಾರಾಯಿ ಕುಡಿಸಿ ಮಲಗಿಸಿದರೆ ಕಲ್ಲಾದವರೆಲ್ಲ ಎದ್ದು ಬರುತ್ತಾರೆ. ಆದರೆ ಆ ಸಾರಾಯಿಗೆ ಯಾವ ನಾತವೂ ಇರಕೂಡದು!"

ಊರಲ್ಲಿ ಬಟ್ಟಿ ಇಳಿಸುವ ಇಬ್ಬರು ಓರಗಿತ್ತಿಯರಿದ್ದರು. ಹಿರಿಯಳು ದುಂಡವ್ವ, ಕಿರಿಯಳು ಕೆಂಚವ್ವ. ದುಂಡವ್ವನ ಗಂಡ ಬೀರಣ್ಣ ಆಗಲೇ ಹೆಗಲ ಮೇಲೆ ಕೊಡ ಹೊತ್ತು ಒರತೆಯ ಪಕ್ಕ ಕಲ್ಲಾಗಿ ನಿಂತಿದ್ದ.

ಕೆಂಚವ್ವ ತನ್ನ ಸಾರಾಯಿಯನ್ನು ತೆಂಗಿನ ಚಿಪ್ಪಿನ ಇದ್ದಿಲು ತುಂಬಿದ ತೂತಿನ ಗಡಿಗೆಯಲ್ಲಿ ಹನಿಹನಿಯಾಗಿ ಸೋಸುತ್ತಿದ್ದಳು. ಅದು ಇಬ್ಬನಿಯಷ್ಟು ತಿಳಿ. "ಕುಡಿದರೆ ಕೆಂಚವ್ವನದು ಕುಡೀಬೇಕು" ಅಂತ ಜನ ಅಂದಾಗಲೆಲ್ಲ ದುಂಡವ್ವನ ಹೊಟ್ಟೆಯೊಳಗೆ ಕೆಂಡ ಹೊರಳುತ್ತಿತ್ತು. ಬಟ್ಟಿಗೆ ಮಣ್ಣು ಮೆತ್ತೋದು ಕಲಿಸಿದವಳು ಇವಳು, ಹೆಸರು ಅವಳಿಗೆ!

"ನನ್ನ ಗಂಡನನ್ನು ನನ್ನ ಕೈಯಾರೆ ಬಿಡಿಸಿಕೊಳ್ತೀನಿ. ಅವಳ ಗಡಿಗೆಯ ಹಂಗು ಬೇಡ," ಅಂದಳು ದುಂಡವ್ವ. ಕೆಂಚವ್ವನಿಗಿಂತ ಮೊದಲೇ ಹೋಗಬೇಕು ಅಂತ ದಬದಬ ಉರಿ ಹಾಕಿದಳು. ಹುದುಗಲು ಇಟ್ಟಿದ್ದ ಬೆಲ್ಲದ ಕೊಳೆ ಬಟ್ಟಿಯಲ್ಲಿ ತಳ ಹಿಡಿಯಿತು. ಹಾಗೇ ಹೊತ್ತು ಒಯ್ದಳು.

ಮೊದಲನೇ ಹೆಡೆ ಮೂಸಿತು. "ಸೀದ ನಾತ!" ಅಂತ ಊದಿತು. ದುಂಡವ್ವನ ಪಾದ ಕಲ್ಲಾಯಿತು.

ಕಾಲೆಳೆದುಕೊಂಡು ಮನೆಗೆ ಬಂದವಳು ಇನ್ನೊಂದು ಬಟ್ಟಿ ಇಳಿಸಿದಳು. ಕೆಂಚವ್ವನ ಹಿತ್ತಲಲ್ಲಿ ಇದ್ದಿಲಿನ ಗಡಿಗೆ ಕಂಡಿತು. ಗುಟ್ಟೆಲ್ಲ ಇದರಲ್ಲೇ ಇದೆ ಅಂದುಕೊಂಡು ಸೆರಗಲ್ಲಿ ಮುಚ್ಚಿ ಕದ್ದು ತಂದಳು. ಅದರಲ್ಲೇ ಸೋಸಿ ಒಯ್ದಳು.

ಎರಡನೇ ಹೆಡೆ ಮೂಸಿತು. "ಥೂ, ಹಳಸಿದ ನಾತ!" ಅಂತ ಊದಿತು. ಮೊಣಕಾಲಿನ ತನಕ ಕಲ್ಲಾಯಿತು.

ಮೂರನೇ ಹೆಡೆ ಬಗ್ಗಿ ಅಂದಿತು, "ನನಗೆ ಅದಕ್ಕಿಂತ ದೊಡ್ಡ ನಾತ ಬಡೀತು. ಹೊಟ್ಟೆಕಿಚ್ಚಿನದು. ಇನ್ನೊಂದು ಸಲ ಅದನ್ನ ಹೊತ್ತು ತಂದರೆ ನೀನೂ ನಿನ್ನ ಗಂಡನ ಪಕ್ಕ ನಿಲ್ಲಬೇಕಾಗುತ್ತೆ."

ದುಂಡವ್ವ ದಾರಿಯಲ್ಲೇ ಕುಸಿದು ಅತ್ತಳು. ಹಿತ್ತಲಲ್ಲಿ ಗಡಿಗೆ ಇಲ್ಲದ್ದು ಕಂಡು ಕೆಂಚವ್ವ ಓಡಿ ಬಂದಳು.

"ಅಯ್ಯೋ ಅಕ್ಕಾ! ಅದು ತಿಂಗಳುಗಟ್ಟಲೆ ನಾತ ಕುಡಿದು ಹೊಟ್ಟೆ ಬಿರಿದ ಇದ್ದಿಲು. ತಿಪ್ಪೆಗೆ ಚೆಲ್ಲೋಕೆ ಇಟ್ಟಿದ್ದೆ. ಒಂದು ಮಾತು ಕೇಳಬಾರದಿತ್ತೇನೇ?"

"ಕೇಳೋದಾ? ನಿನ್ನನ್ನ? ಕಲ್ಲಾದರೂ ಕೇಳಲ್ಲ ಅಂದ್ಕೊಂಡಿದ್ದೆ ಕಣೇ."

"ಕಾಲು ಕಲ್ಲಾಯ್ತು. ಬಾಯಿ ಇನ್ನೂ ಆಗಿಲ್ಲ. ನಡಿ!"

ಇಬ್ಬರೂ ಸಣ್ಣ ಉರಿಯಲ್ಲಿ ಬಟ್ಟಿ ಇಳಿಸಿದರು. ಹೊಸ ಚಿಪ್ಪು ಸುಟ್ಟು, ಕುಟ್ಟಿ, ನೀರು ತಿಳಿಯಾಗೋ ತನಕ ತೊಳೆದು ಗಡಿಗೆಗೆ ತುಂಬಿದರು. ಹನಿ ಬೀಳತೊಡಗಿತು.

"ಇದ್ದಿಲು ಏನನ್ನಾದರೂ ಹಿಡಿದಿಟ್ಟುಕೊಳ್ಳುತ್ತೆ ಅಕ್ಕಾ. ಹೊಟ್ಟೆಯಲ್ಲಿರೋದನ್ನ ಅದಕ್ಕೇ ಹೇಳಿಬಿಡು," ಅಂದಳು ಕೆಂಚವ್ವ.

ದುಂಡವ್ವ ಗಡಿಗೆಯ ಬಾಯಿಗೆ ಬಗ್ಗಿ ಹೇಳಿದಳು. "ಜನ ಇವಳನ್ನ ಹೊಗಳಿದಾಗಲೆಲ್ಲ ಇವಳ ಗಡಿಗೆ ಒಡೀಲಿ ಅಂತಿದ್ದೆ. ಇವಳ ಬಟ್ಟಿಗೆ ಹಲ್ಲಿ ಬೀಳಲಿ ಅಂತಿದ್ದೆ."

ಆಮೇಲೆ ಕೆಂಚವ್ವನೂ ಬಗ್ಗಿದಳು. "ನನ್ನ ಕೊಳೆ ಎಂದೂ ಅಕ್ಕನದರಂತೆ ಹುದುಗಲಿಲ್ಲ. ಇಳಿಸಿದ್ದೆಲ್ಲ ನಾರುತ್ತಿತ್ತು. ಅಕ್ಕನ ಕೈಗುಣ ಕಂಡು ನಿದ್ದೆ ಬರುತ್ತಿರಲಿಲ್ಲ. ಆ ನಾತ ಮುಚ್ಚೋಕೇ ಇದ್ದಿಲು ಹಿಡಿದೆ."

ದುಂಡವ್ವ ಕಣ್ಣರಳಿಸಿದಳು. "ನಿಂಗೆ? ನನ್ನ ಮೇಲೆ?" ನಗು ತಡೆಯಲಾಗಲಿಲ್ಲ. ಇಬ್ಬರೂ ನಕ್ಕರು. ಗಡಿಗೆಯೊಳಗೆ ಇದ್ದಿಲು ಹಸಿರಾಗಿ ಮಿನುಗಿ ಮತ್ತೆ ಕಪ್ಪಾಯಿತು.

ಒಬ್ಬಳು ಸಾರಾಯಿ ಹೊತ್ತಳು, ಹೊಟ್ಟೆಕಿಚ್ಚು ಕುಡಿದ ಇದ್ದಿಲು ಮನೆಯಲ್ಲಿರಬಾರದು ಅಂತ ಒಬ್ಬಳು ಆ ಗಡಿಗೆ ಹೊತ್ತಳು. ಮೊದಲನೇ ಹೆಡೆ ಮೂಸಿತು, ಸುಮ್ಮನಾಯಿತು. ಎರಡನೇ ಹೆಡೆ ಮೂಸಿತು, ಸುಮ್ಮನಾಯಿತು. ಮೂರನೇ ಹೆಡೆ ದುಂಡವ್ವನ ಹೊಟ್ಟೆಗೇ ಮೂಗಿಟ್ಟು ಬಹಳ ಹೊತ್ತು ಮೂಸಿತು. ಆಮೇಲೆ ಮೂರೂ ಗಟಗಟ ಕುಡಿದು ಸುರುಳಿ ಸುತ್ತಿ ಮಲಗಿದವು.

ಹೊಗೆಮಲ್ಲ ಹಾರಿ ಬಂದ. "ಏಳು, ಏಳು!" ಅಂತ ಸರ್ಪವನ್ನು ಒದ್ದ. ದುಂಡವ್ವ ಇದ್ದಿಲಿನ ಗಡಿಗೆ ಎತ್ತಿ ಅವನ ತಲೆಯ ಮೇಲೆ ಸುರಿದಳು. ಇಬ್ಬರು ಹೆಂಗಸರ ಇಷ್ಟು ವರ್ಷದ ಹೊಟ್ಟೆಕಿಚ್ಚು ಒಟ್ಟಿಗೆ ಹೊತ್ತಿಕೊಂಡರೆ ಯಾವ ಮಾಟ ತಡೆದೀತು? ಹೊಗೆಮಲ್ಲ ಒಂದು ಹಿಡಿ ಬೂದಿಯಾದ, ಅವನ ಸರ್ಪವೂ ಮಾಯವಾಯಿತು.

ಕಲ್ಲಾದವರೆಲ್ಲ ಮೈ ಮುರಿದು ಎದ್ದರು. ದುಂಡವ್ವನ ಕಾಲು ಬೆಚ್ಚಗಾಯಿತು. ಬೀರಣ್ಣ ಹೆಗಲ ಕೊಡ ಇಳಿಸಿ, "ನೀರಿಗೆ ಬಂದರೆ ಇಲ್ಲಿ ಸಾರಾಯಿ ಘಮಘಮ ಅಂತಿದೆಯಲ್ಲೇ," ಅಂದ.

"ಘಮ ಇಲ್ಲ, ಸುಮ್ಮನಿರಿ!" ಅಂತ ಓರಗಿತ್ತಿಯರಿಬ್ಬರೂ ಒಂದೇ ಸಲ ಕೂಗಿದರು.

ಆಮೇಲೆ ಬೆಳ್ಳಿಗುಡ್ಡದಲ್ಲಿ ಎಲ್ಲರೂ ಸಿಹಿನೀರು ಕುಡಿದುಕೊಂಡು ಸುಖವಾಗಿದ್ದರು. ಆ ಇಬ್ಬರಿಗೂ ಒಂದೇ ಬಟ್ಟಿ, ಒಂದೇ ಗಡಿಗೆ. ಚೆನ್ನಾಗಿದೆ ಅಂತ ಯಾರಾದರೂ ಅಂದರೆ "ಕೊಳೆ ಹಾಕಿದ್ದು ನಾನು" ಅಂತ ಒಬ್ಬಳು, "ಸೋಸಿದ್ದು ನಾನು" ಅಂತ ಇನ್ನೊಬ್ಬಳು. ಮಾತು ಬಿಸಿಯಾಯಿತೋ, ಇಬ್ಬರೂ ಗಡಿಗೆಯ ಇದ್ದಿಲು ಬದಲಾಯಿಸೋಕೆ ಎದ್ದು ಹೋಗುತ್ತಿದ್ದರು.