ಒಂದು ರೂಪಾಯಿ ನೋಟು ನಡೆಯುತ್ತಾ?

"ಇದು ನಡೆಯಲ್ಲ ರೀ. ನಾಣ್ಯ ಇದ್ರೆ ಕೊಡಿ."

ಹಂಸ ಆ ಒಂದು ರೂಪಾಯಿ ನೋಟನ್ನು ಎರಡೇ ಬೆರಳಲ್ಲಿ ಹಿಡಿದು ಗಿರಾಕಿಯತ್ತ ವಾಪಸ್ ಚಾಚಿದಳು. ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಎದುರಿನ ಆ ದಿನಸಿ ಅಂಗಡಿ ಅವಳಪ್ಪ ಮುನಿಆಂಜನಪ್ಪನದು. ಸಂಜೆ ಹೊತ್ತು ಗಲ್ಲಾ ಅವಳದು.

"ಯಾಕ್ ನಡೆಯಂಗಿಲ್ರಿ? ಸರ್ಕಾರದ್ದೇ ನೋಟು."

"ಅಚ್ಚು ಹಾಕೋದು ನಿಲ್ಸಿ ಐದು ವರ್ಷ ಆಯ್ತು. ಬಸ್ ಕಂಡಕ್ಟರೇ ಮುಟ್ಟಲ್ಲ."

"ಅಚ್ಚು ನಿಂತ್ರ ಕಿಮ್ಮತ್ತೂ ನಿಂತಂಗೇನ್ರಿ?"

ಆ ಗಿರಾಕಿಯ ಹೆಸರು ಲಕ್ಷ್ಮಿಕಾಂತ, ಸಿಂಧನೂರು ಕಡೆಯವನು, ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ವೆಲ್ಡರ್. ಅವನವ್ವ ಹುಸೇನಮ್ಮ ಹತ್ತಿ ಬಿಡಿಸಿದ ಕೂಲಿಯಲ್ಲಿ ಕೂಡಿಟ್ಟಿದ್ದ ಒಂದು ರೂಪಾಯಿ ನೋಟುಗಳ ಕಟ್ಟನ್ನು, ಪಟ್ಟಣದಲ್ಲಾದರೂ ನಡೆದೀತೆಂದು ಊರಿನ ಅಂಬಣ್ಣನ ಕೈಲಿ ಮಗನಿಗೆ ಕಳಿಸಿದ್ದಳು.

ಮರುದಿನ ಅವನು ಒಂದು ಅಂಗೈ ತುಂಬ ನಾಣ್ಯ ಹಿಡಿದು ಬಂದು, ಇನ್ನೊಂದು ಕೈಯಲ್ಲಿ ಮತ್ತೆ ನೋಟನ್ನೇ ಚಾಚಿದ.

"ಬ್ಯಾಂಕಿನ್ಯಾಗ ಹತ್ತು ನೋಟಿಗೆ ಹತ್ತು ನಾಣ್ಯ ಕೊಟ್ರು. ಈಗೇನಂತೀರಿ?"

"ನಾಣ್ಯ ಸಿಕ್ತಲ್ಲ, ಇನ್ನೂ ಯಾಕೆ ನೋಟೇ ಕೊಡ್ತಿದೀರಿ?"

"ನೀವು ಸೋಲೋದು ನೋಡಬೇಕಲ್ರಿ."

ಹಂಸ ನಗು ಮರೆಸಲು ಬಗ್ಗಿ ಪೆಪ್ಪರ್‌ಮಿಂಟ್ ಡಬ್ಬಿ ಹುಡುಕಿದಳು. ಡಬ್ಬಿ ಕಣ್ಣೆದುರಿಗೇ ಇತ್ತು.

ಅಂದಿನಿಂದ ದಿನಾ ಒಂದು ನೋಟು, ಒಂದು ರೂಪಾಯಿಯ ಪೆಪ್ಪರ್‌ಮಿಂಟ್. ಅವನು ಹೋದ ಮೇಲೆ ಹಂಸ ತನ್ನ ಪರ್ಸಿನ ನಾಣ್ಯವನ್ನು ಗಲ್ಲಾಗೆ ಹಾಕಿ, ನೋಟನ್ನು ಬಿಸ್ಕತ್ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದಳು. ಕಾರ್ಖಾನೆಯ ಐದೂವರೆ ಸೈರನ್ ಕೂಗಿದರೆ ಸಾಕು, ಅವಳಿಗೆ ಕೂತಲ್ಲಿ ಕೂರಲಾಗದು. ಕಾಲು ಕೆಜಿ ಬೇಳೆ ಕೇಳಿದವರಿಗೆ ಅರ್ಧ ಕೆಜಿ ತೂಗುವಳು. ಬಸ್ಸು ನಿಂತಾಗಲೆಲ್ಲ ಕತ್ತು ಉದ್ದವಾಗುವುದು.

ಮೂರು ತಿಂಗಳ ಮೇಲೆ ಒಂದು ಸಂಜೆ ಅವನು ಓಡಿಬಂದ.

"ನಿನ್ನೆ ಕೊಟ್ಟ ನೋಟು ಅದ ಏನ್ರಿ? ಅರಿಶಿನ ಹತ್ತಿದ್ದು?"

"ಯಾಕೆ?"

"ನಮ್ಮವ್ವನ ಮದುವ್ಯಾಗ ಅವರತ್ತಿ ಉಡಿ ತುಂಬುವಾಗ ಹಾಕಿದ ನೋಟು. ಅದನ್ನ ನನ್ನ ಹೆಂಡ್ತಿಯಾಗೋಳ ಉಡಿಗೆ ಹಾಕಬೇಕಂತ ಇಟ್ಟಿದ್ಲು. ಅದನ್ನ ಖರ್ಚು ಮಾಡಬ್ಯಾಡ ಅಂತ ಅಂಬಣ್ಣ ಕಾಕಾನ ಕೈಲಿ ಹೇಳಿ ಕಳಿಸಿದ್ಲು. ಅವ ಮರೆತು, ಇವತ್ತು ಮತ್ತ ಬಂದಾಗ ಹೇಳ್ಯಾನ. ಐತವಾರ ಅವ್ವ ಬರ್ತಾಳ."

ಹಂಸಳ ಕೈ ತಕ್ಕಡಿಯ ಮೇಲೇ ನಿಂತಿತು. "ಹುಡುಗಿ ನೋಡಿದೀರಾ?"

"ನೋಡೀನಿ." ಅವನು ನೆಲ ನೋಡಿದ.

"ಆ ನೋಟು ಅಪ್ಪ ಬ್ಯಾಂಕಿಗೆ ಕಟ್ಟಿಬಿಟ್ರು," ಅಂದುಬಿಟ್ಟಳು.

ರಾತ್ರಿಯೆಲ್ಲ ಆ ಸುಳ್ಳು ಅವಳನ್ನು ಮಲಗಗೊಡಲಿಲ್ಲ. ಯಾರ ಉಡಿಗೋ ಸೇರಬೇಕಾದ್ದು ತನ್ನ ಡಬ್ಬಿಯಲ್ಲೇಕೆ?

ಮರುದಿನ ಸಂಜೆ ಅವನು ಸೋತ ಮುಖ ಹೊತ್ತು ಬಂದ. ಅರ್ಧ ದಿನದ ಕೂಲಿ ಬಿಟ್ಟು, ಬ್ಯಾಂಕಿನ ಕ್ಯಾಷಿಯರ್ ಹತ್ತಿರ ಆ ನೋಟು ಕೇಳಿ ಬೈಸಿಕೊಂಡು ಬಂದಿದ್ದ. ಹಂಸ ಬಿಸ್ಕತ್ ಡಬ್ಬಿಯನ್ನು ಅವನೆದುರು ಸುರಿದಳು. ರಾಶಿಯ ನಡುವೆ ಅರಿಶಿನ ಹತ್ತಿದ ಆ ನೋಟೂ ಇತ್ತು.

ಲಕ್ಷ್ಮಿಕಾಂತ ಬೆರಳಿಂದ ಆ ರಾಶಿ ಕೆದಕಿದ.

"ಅಂದ್ರ... ಒಂದೂ ನಡೀಲಿಲ್ಲೇನ್ರಿ?"

"ಗಲ್ಲಾದಲ್ಲಿ ನಡೀಲಿಲ್ಲ." ಅವಳು ನೋಟುಗಳನ್ನು ಅವನತ್ತ ತಳ್ಳಿದಳು. "ನನ್ನ ಹತ್ರ ನಡೀತು. ತಗೊಂಡ್ಹೋಗಿ, ನಿಮ್ಮ ಹುಡುಗಿಗೆ ಕೊಡಿ."

ಅವನು ಅರಿಶಿನದ ನೋಟು ಎತ್ತಿ, ನಾಲ್ಕಾಗಿ ಮಡಚಿ, ಮತ್ತೆ ಅವಳ ಕಡೆಗೇ ಸರಿಸಿದ.

"ಅಕಿ ಹತ್ರನೇ ಅದಲ್ರಿ. ನಮ್ಮವ್ವಗ ಅಂಗಡಿ ಹುಡುಗಿ ಸುದ್ದಿ ಹೇಳಿದ್ದಕ್ಕೇ ಅವ್ವ ಇಲ್ಲಿಗೆ ಹೊಂಟದ್ದು. ಆದ್ರ ನಿಮ್ಮಪ್ಪ... ನಾ ಬಾಡಿಗಿ ರೂಮಿನವ."

ಹಂಸ ನೋಟನ್ನು ಮುಷ್ಟಿಯಲ್ಲಿ ಮುಚ್ಚಿದಳು. "ಭಾನುವಾರ ಅಮ್ಮನ್ನ ಕರ್ಕೊಂಡು ಬನ್ನಿ. ಅಪ್ಪನಿಗೆ ನಾನು ಹೇಳ್ತೀನಿ."

ಭಾನುವಾರ ಬಂತು, ಅಪ್ಪನಿಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ. ಅಂದು ಗಲ್ಲಾದಲ್ಲಿ ಕೂತವನು ಮುನಿಆಂಜನಪ್ಪನೇ. ಇಳಕಲ್ ಸೀರೆಯ ಹುಸೇನಮ್ಮ ಮಗನನ್ನು ಹಿಂದೆ ನಿಲ್ಲಿಸಿ, ಅರಿಶಿನ ಕುಂಕುಮದ ಪೊಟ್ಟಣ ಕೇಳಿ, ಸೆರಗಿನ ಗಂಟಿನಿಂದ ಒಂದು ರೂಪಾಯಿ ನೋಟು ತೆಗೆದಳು.

"ಇದು ನಡೆಯಲ್ಲಮ್ಮ," ಅಂದ ಮುನಿಆಂಜನಪ್ಪ.

"ನಡೆಯುತ್ತಪ್ಪ," ಅಂದಿತು ಹಿಂದಿನಿಂದ ಮಗಳ ದನಿ.

ಒಳಬಾಗಿಲಲ್ಲಿ ಹಂಸ ನಿಂತಿದ್ದಳು. ಅರಿಶಿನದ ನೋಟು ಹಿಡಿದ ಮುಷ್ಟಿ ಬಿಗಿಯಾಗಿತ್ತು, ಕಣ್ಣು ಲಕ್ಷ್ಮಿಕಾಂತನ ಮೇಲಿತ್ತು.

ಮುನಿಆಂಜನಪ್ಪ ಮಗಳ ಮುಖ ನೋಡಿದ, ಹುಡುಗನ ಮುಖ ನೋಡಿದ. ಮೂರು ತಿಂಗಳಿಂದ ಬೇಳೆಯ ತೂಕ ಯಾಕೆ ತಪ್ಪುತ್ತಿತ್ತು ಅಂತ ಅವನಿಗೆ ಆಗ ತಿಳಿಯಿತು. ನೋಟನ್ನು ಬೆಳಕಿಗೆ ಹಿಡಿದ, ತೊಡೆಯ ಮೇಲಿಟ್ಟು ಸುಕ್ಕು ಬಿಡಿಸಿದ, ಗಲ್ಲಾಗೆ ಹಾಕಿದ.

"ಬಿಸಿಲಲ್ಲಿ ನಿಂತಿದೀರಲ್ಲಮ್ಮ," ಅಂದ. "ಒಳಗೆ ಬನ್ನಿ. ಕೂತು ಮಾತಾಡೋಣ."