ಏಳು ಮಿಲಿಮೀಟರ್

"ಕೈ ತೆಗಿ! ಅದಕ್ಕೆ ಗಾಳಿ ಹೊಡೀಬೇಡ!"

ಮೆಕ್ಯಾನಿಕ್ ಕೂಗಿದ ರಭಸಕ್ಕೆ ಅವಳ ಕೈಯಿಂದ ಪಂಪು ಜಾರಿತು. ಎರಡು ವರ್ಷಗಳ ನಂತರ ಅವನು ಅವಳೊಡನೆ ಆಡಿದ ಮೊದಲ ಮಾತು ಅದು!

ಅಮ್ಮನ ಕಾಲದ ಸೈಕಲ್ಲನ್ನು ಅವನ ಅಂಗಡಿಯೊಳಗೇ ತಲೆಕೆಳಗಾಗಿ ನಿಲ್ಲಿಸಿ, ತಾನು ಕೊಂಡು ತಂದ ಟಯರನ್ನು ಮುಂದಿನ ಗಾಲಿಗೆ ಹಾಕಿದ್ದಳು. ಬೆರಳಲ್ಲೇ ಸಲೀಸಾಗಿ ಕೂತಿತ್ತು. ಟಯರ್ ಬರೀ ನೆಪ... ಅವನ ಮುಖ ನೋಡಬೇಕಿತ್ತು.

"ಇವಳನ್ನ ಕಂಡ್ರೆ ರಸ್ತೆ ಬದಲಾಯಿಸ್ತಿದ್ದೆಯಲ್ಲೋ, ಈಗ ಅಂಗಡಿ ಬದಲಾಯಿಸ್ತೀಯಾ?" ಎಂದು ಚುಚ್ಚಿ ಅವನ ಅಕ್ಕ ಒಳಗೆ ಹೋದಳು.

ಅವನು ನಗಲಿಲ್ಲ. ಟಯರನ್ನು ಎಳೆದ. ಬರಿಗೈಗೇ ಕಳಚಿ ಬಂತು.

"ಇಷ್ಟು ಸುಲಭವಾಗಿ ಕೂತ್ರೆ ದೊಡ್ಡದು ಅಂತ ಅರ್ಥ. ಗಾಳಿ ತುಂಬಿದ್ರೆ ರಿಮ್ ಬಿಟ್ಟು ಹಾರತ್ತೆ."

"ಎರಡೂ ಇಪ್ಪತ್ತಾರು ಇಂಚೇ ಅಲ್ವಾ?"

"ಹಳೇ ರಿಮ್ಮುಗಳಲ್ಲಿ ಇಪ್ಪತ್ತಾರು ಅಂದ್ರೆ ಒಂದೇ ಅಳತೆ ಅಲ್ಲ. ಟಯರ್ ಪಕ್ಕದಲ್ಲಿ ಸಣ್ಣದಾಗಿ ಮಿಲಿಮೀಟರ್ ಬರೆದಿರತ್ತೆ, ಅದನ್ನ ನೋಡ್ಬೇಕು. ನಿನ್ನ ರಿಮ್ಮಿಗೆ ಐನೂರ ತೊಂಬತ್ತು. ಇದು ಐನೂರ ತೊಂಬತ್ತೇಳು..." ಅವನು ಟಯರನ್ನು ಕೆಳಗಿಟ್ಟ. "ಅವತ್ತು ಈ ಸೈಕಲ್ಲಿಗೆ ನಾನು ಹಾಕಿಕೊಟ್ಟಿದ್ದೂ ಇದೇ ಅಳತೆ. ಇಂಚು ಓದಿ ಸುಮ್ನಾದೆ. ನೀನು ಬಿದ್ದ ಮೇಲೆ ಅಳೆದು ನೋಡ್ದೆ."

ಅವತ್ತು... ಇಳಿಜಾರು, ಢಂ ಎಂಬ ಸದ್ದು, ಆಸ್ಪತ್ರೆ. ಅಲ್ಲಿಂದ ಈಚೆಗೆ ಎಡಗಾಲು ಕುಂಟು. ಅವರಿಬ್ಬರ ಮದುವೆಯ ಮಾತೂ ಅಲ್ಲಿಗೇ ನಿಂತಿತ್ತು.

ಕಲ್ಲು ತಾಗಿ ಬಿದ್ದೆನೆಂದೇ ಅವಳು ನಂಬಿದ್ದಳು. ಇನ್ನೊಂದನ್ನೂ ನಂಬಿದ್ದಳು.

"ಕುಂಟಿ ಅಂತ ನೀನು ನನ್ನನ್ನ ಬಿಟ್ಟೆ ಅಂದ್ಕೊಂಡೆ ಕಣೋ! ಕನ್ನಡಿ ಮುಂದೆ ನಡೆದು ನಡೆದು ನೋಡಿದ್ದೀನಿ, ಅಷ್ಟೊಂದು ಕಾಣತ್ತಾ ಅಂತ..."

ಅವನು ಗ್ರೀಸಿನ ಕೈಯಲ್ಲೇ ಮುಖ ಮುಚ್ಚಿಕೊಂಡ.

"ನಿನ್ನ ಕಾಲು ಕಂಡಾಗೆಲ್ಲ ನನಗೆ ನನ್ನ ಕೈ ಕಾಣತ್ತೆ. ಪ್ರೀತಿ ಒಂದಿನವೂ ಕಮ್ಮಿ ಆಗ್ಲಿಲ್ಲ. ಎದುರಿಗೆ ಬರೋ ಧೈರ್ಯ ಇರ್ಲಿಲ್ಲ ಅಷ್ಟೇ."

'ಮೂಳೆ ಮೂರು ತಿಂಗಳಲ್ಲಿ ಕೂಡಿತು. ಈ ಎರಡು ವರ್ಷವನ್ನು ಯಾರು ಕೂಡಿಸುತ್ತಾರೆ?' ಬೈಯಬೇಕೆಂದು ಬಾಯಿ ತೆರೆದಳು. ಅಳು ಬಂತು.

ಅವನು ಗೋಡೆಗೊರಗಿಸಿದ್ದ ಹೊಸ ಸೈಕಲ್ಲನ್ನು ತಳ್ಳಿಕೊಂಡು ಬಂದ. ಸುತ್ತಿದ್ದ ಪ್ಲಾಸ್ಟಿಕ್ ಹಾಗೇ ಇತ್ತು.

"ಇದನ್ನ ತಗೊಂಡು ಹೋಗು. ಫ್ಯಾಕ್ಟರಿಯಲ್ಲೇ ಪೂರ್ತಿ ಜೋಡಿಸಿದ್ದು. ಒಂದು ನಟ್ಟಿಗೂ ನನ್ನ ಕೈ ತಾಗಿಲ್ಲ. ನಂಬಿ ಓಡಿಸಬಹುದು."

ಅವಳು ಅಮ್ಮನ ಸೈಕಲ್ಲಿನ ಪಕ್ಕದಲ್ಲಿ, ಎಣ್ಣೆ ಬಿದ್ದ ನೆಲದ ಮೇಲೇ ಕೂತು ಎಡಗಾಲನ್ನು ಚಾಚಿದಳು.

"ನನಗೆ ಬೇಡ ಅದು. ಇದಕ್ಕೇ ಸರಿಯಾದ ಟಯರ್ ನೀನೇ ಹಾಕು, ಕಾಯ್ತೀನಿ."