ಗೇಟಿನಿಂದ ವಾಪಸ್ ಬಂದ ಬೊಂಬೆ ಲೋಡು

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಚನ್ನಪಟ್ಟಣದ ಠಾಣೆಗೆ ಬಂದ ಕಾವೇರಮ್ಮ ಕುರ್ಚಿ ಕೊಟ್ಟರೂ ಕೂರಲಿಲ್ಲ. ಆಕೆ ಬೊಂಬೆ ಕಾರ್ಖಾನೆಯ ಒಡತಿ. ಜೊತೆಯಲ್ಲಿ ಸೊಸೆ ರಮ್ಯಾ ಇದ್ದಳು.

"ಅಂಗನವಾಡಿ ಬೊಂಬೆ ಲೋಡು ಎರಡು ಸಲ ಸರ್ಕಾರಿ ಗೋಡೌನ್ ಗೇಟಿಂದ್ಲೇ ವಾಪಸ್ ಬಂತು ಮೇಡಂ. ಇ-ಇನ್ವಾಯ್ಸು, ಅದೇ ಆನ್‌ಲೈನ್ ಬಿಲ್ಲು, ಕ್ಯಾನ್ಸಲ್ ಆಗೈತಂತೆ. ನಾವ್ ಮಾಡಿಲ್ಲ. ನಾಳೆನೂ ವಾಪಸ್ ಬಂದ್ರೆ ಆರ್ಡರೇ ಹೋಯ್ತದೆ. ಅದನ್ನೇ ನಂಬ್ಕಂಡು ಒಂಬತ್ತು ಹೆಣ್ಮಕ್ಳು ಕೆಲ್ಸಕ್ಕೆ ಬತ್ತಾವ್ರೆ," ಎಂದರು ಕಾವೇರಮ್ಮ.

ಇನ್ಸ್‌ಪೆಕ್ಟರ್ ಪ್ರತಿಮಾ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಎಫ್‌ಐಆರ್ ದಾಖಲಿಸಿದರು. ಹೆಡ್ ಕಾನ್‌ಸ್ಟೇಬಲ್ ಬೋರಲಿಂಗಯ್ಯ ತಲೆ ಕೆರೆದುಕೊಂಡರು.

"ಕಳ್ತನ ಇಲ್ಲ, ಹೊಡೆದಾಟ ಇಲ್ಲ. ಪಂಚನಾಮೆ ಎಲ್ಲಿ ಮಾಡದು ಮೇಡಂ?"

ಪ್ರಶ್ನೆಯೇನೋ ಸರಿಯೇ. ಈ ಬಿಲ್ಲು ಸರ್ಕಾರದ ಜಿಎಸ್‌ಟಿ ಪೋರ್ಟಲ್‌ನಲ್ಲೇ ಹುಟ್ಟಿ ಪೋರ್ಟಲ್‌ನಲ್ಲೇ ಸಾಯುತ್ತದೆ. ಘಟನಾ ಸ್ಥಳವನ್ನು ಎಲ್ಲಿಂದ ತರುವುದು!

"ಬಿಲ್ ಮಾಡೋದ್ಯಾರು?" ಪ್ರತಿಮಾ ಕೇಳಿದರು.

"ಈಗ ನಾನೇ ಮೇಡಂ," ಎಂದಳು ರಮ್ಯಾ. "ಮೊದ್ಲು ಟ್ಯಾಕ್ಸ್ ನೋಡ್ಕೊಳೋ ಅನಂತರಾಜಣ್ಣ ಮಾಡ್ತಿದ್ರು. ನಾನು ಕಲ್ತ್ಕಂಡ್ಮೇಲೆ ಅವ್ರನ್ನ ಬುಟ್ಬುಟ್ವಿ."

"ಪಾಸ್‌ವರ್ಡ್?"

"ಬದಲಾಯಿಸಿದೀನಿ. ಯಾರಿಗೂ ಹೇಳಿಲ್ಲ."

"ಪಾಸ್‌ವರ್ಡ್ ಗೊತ್ತಿಲ್ಲದೆ ಒಟಿಪಿ ಹಾಕಿಯೂ ಒಳಗೆ ಹೋಗಬಹುದಲ್ಲ. ಒಟಿಪಿ ಯಾವ ಫೋನಿಗೆ ಬರುತ್ತೆ?"

ರಮ್ಯಾ ಅತ್ತೆಯ ಮುಖ ನೋಡಿದಳು.

"ಆ ಫೋನು ಅನಂತಣ್ಣನ ಆಫೀಸ್ನಾಗೇ ಐತೆ, ವಾಪಸ್ ಈಸ್ಕಳದೇ ಮರ್ತ್ವಿ," ಎಂದರು ಕಾವೇರಮ್ಮ. "ಮೆಷಿನ್ ಮುಂದೆ ಕುಂತ್ಮೇಲೆ ಅರಗು ಮೆತ್ಕಂಡ ಕೈಲಿ ಫೋನ್ ಎತ್ತಕ್ಕಾಯ್ತದಾ? ನಮ್ ಬೀದಿಯೋರೆಲ್ಲ ಒಂದೊಂದು ಬಟನ್ ಫೋನ್ ತಂದು, ಹೆಸ್ರು ಅಂಟಿಸಿ, ಒಟಿಪಿ ಅವ್ರೇ ನೋಡ್ಕಳ್ಲಿ ಅಂತ ಅವ್ರ ಟೇಬಲ್ ಮ್ಯಾಲಿನ ಬುಟ್ಟಿಗೆ ಹಾಕಿದೀವಿ."

ಪ್ರತಿಮಾ ಹಣೆ ಒತ್ತಿಕೊಂಡರು. ಬೀಗ ಬದಲಾಯಿಸಿ ಹಳೆ ಕಿಟಕಿಯನ್ನು ತೆರೆದೇ ಬಿಟ್ಟಂತಾಗಿತ್ತು. ಆದರೆ ಆ ಆಫೀಸಿಗೆ ಬೀದಿಯವರೆಲ್ಲ ಬಂದು ಹೋಗುತ್ತಾರೆ. ಫೋನು ಯಾರ ಕೈಯಲ್ಲಿದೆ ಎಂದು ಕಣ್ಣಾರೆ ಕಾಣಬೇಕು.

ಮಂಗಳವಾರ ಬೆಳಿಗ್ಗೆ ರಮ್ಯಾ ಹೊಸ ಇನ್ವಾಯ್ಸ್ ಮಾಡಿದಳು. ಬೋರಲಿಂಗಯ್ಯ ಮಫ್ತಿಯಲ್ಲಿ ಹೋಗಿ, ಪಾನ್ ಕಾರ್ಡಿನ ನೆಪ ಹೇಳಿ ಅನಂತರಾಜುವಿನ ಎದುರಿಗೇ ಕುಳಿತರು. ಕಾರ್ಖಾನೆ ಮುಂದೆ ಲೋಡಾದ ಗಾಡಿ ನಿಂತಿತ್ತು. ಒಳಗೆ ಮೆಷಿನ್ ನಿಲ್ಲಿಸಿ ಬಂದ ಹೆಂಗಸರು ಬಾಗಿಲಲ್ಲೇ ಇದ್ದರು. ಬೀದಿ ಕೊನೆಯಲ್ಲಿ ಪ್ರತಿಮಾ ಜೀಪಿನಿಂದ ಇಳಿಯುವುದು, ಹತ್ತುವುದು, ಮತ್ತೆ ಇಳಿಯುವುದು. ಈ ಕಾಯುವ ಕೆಲಸ ಅವರಿಗೆ ಮೊದಲಿಂದಲೂ ಆಗದು.

ಹನ್ನೊಂದೂಮುಕ್ಕಾಲಿಗೆ ರಮ್ಯಾಳ ಫೋನು ಬಂತು. "ಮೇಡಂ, ಕ್ಯಾನ್ಸಲ್ ಆಯ್ತು!"

ಪ್ರತಿಮಾ ಓಡಿ ಅನಂತರಾಜುವಿನ ಆಫೀಸಿನೊಳಗೆ ಹೋಗುವಷ್ಟರಲ್ಲಿ ಬೋರಲಿಂಗಯ್ಯ ಅವನ ಮಣಿಕಟ್ಟು ಹಿಡಿದಿದ್ದರು. ಆ ಕೈಯಲ್ಲಿ ಕಾವೇರಮ್ಮನ ಹೆಸರು ಅಂಟಿಸಿದ ಫೋನಿತ್ತು, ಅದರಲ್ಲಿ ಆಗತಾನೆ ಬಂದ ಒಟಿಪಿ. ಪಕ್ಕದ ಅಂಗಡಿಯಿಂದ ಇಬ್ಬರು ಪಂಚರನ್ನು ಕರೆಸಿ, ಫೋನು, ಕಂಪ್ಯೂಟರ್ ಜಪ್ತಿ ಮಾಡಿದರು. ಅಂತೂ ಬೋರಲಿಂಗಯ್ಯನವರಿಗೆ ಪಂಚನಾಮೆ ಸಿಕ್ಕಿತು.

ರಮ್ಯಾ ಇನ್ನೊಂದು ಇನ್ವಾಯ್ಸ್ ಮಾಡಿದಳು. ಗೋಡೌನಿನವರು ಬಿಲ್ಲಿನ ಕೋಡ್ ಸ್ಕ್ಯಾನ್ ಮಾಡಿ ಗಾಡಿಯನ್ನು ಒಳಗೆ ಬಿಟ್ಟರು ಎಂಬ ಸುದ್ದಿ ಸಂಜೆ ಠಾಣೆಗೆ ಮುಟ್ಟಿತು.

"ಯಾಕ್ರೀ ಮಾಡಿದ್ರಿ? ನಿಮಗೇನು ಸಿಗ್ತಿತ್ತು?" ಪ್ರತಿಮಾ ಠಾಣೆಯಲ್ಲಿ ಅನಂತರಾಜುವನ್ನು ಕೇಳಿದರು.

"ಏನೂ ಇಲ್ಲ ಮೇಡಂ," ಎಂದ ಅನಂತರಾಜು. "ಜಿಎಸ್‌ಟಿ ಬಂದಾಗ ಬೀದಿಗೆ ಬೀದಿನೇ ನನ್ ಬಾಗ್ಲಲ್ಲಿ ನಿಂತಿತ್ತು. ಈ ಹುಡ್ಗಿ ಎಂಟೇ ದಿನಕ್ಕೆ ಕಲ್ತ್ಬುಟ್ಲು. ಇವತ್ತು ಇವ್ರು ಬುಟ್ರು, ನಾಳೆ ಎಲ್ರೂ ಬುಡ್ತಾರೆ. ಕಾವೇರಕ್ಕ ಒಂದ್ಸಲ ಬಂದು, 'ಅನಂತಣ್ಣ, ನಮ್ ಕೈಲಾಗಲ್ಲ, ನೀವೇ ನೋಡಿ' ಅಂದಿದ್ರೆ ಸಾಕಿತ್ತು. ನಾನೇ ಸರಿ ಮಾಡ್ಕೊಡ್ತಿದ್ದೆ."

ಹೇಳಿಕೆಗೆ ಸಹಿ ಹಾಕಲು ಬಂದಿದ್ದ ಕಾವೇರಮ್ಮ ಇದನ್ನು ಕೇಳಿಸಿಕೊಂಡರು. ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು.

"ಎರಡನೇ ಲೋಡು ವಾಪಸ್ ಬಂದಾಗ ನಿಮ್ಮತ್ರಕ್ಕೇ ಹೊಂಟಿದ್ದೆ ಕಣಣ್ಣ. ಬೀದಿ ತಿರುವಿನ ತಂಕ ಬಂದಿದ್ದೆ. ಬುಟ್ಟು ಹೋದೋಳು ಯಾವ ಮಕ ಇಟ್ಕಂಡು ಬರ್ಲಿ ಅಂತ ನಾಚ್ಕೆಯಾಗಿ ಇಲ್ಲಿಗ್ ಬಂದೆ."

ಬೋರಲಿಂಗಯ್ಯ ಪೆನ್ನು ಹಿಡಿದು ಕುಳಿತೇ ಇದ್ದರು. ಇದನ್ನು ಹೇಳಿಕೆಯಲ್ಲಿ ಬರೆಯಬೇಕೋ ಬೇಡವೋ ಅವರಿಗೆ ತಿಳಿಯಲಿಲ್ಲ.